ಒಂದು ಹಲ್ಲು, ಮೂರು ಕೊಟೇಷನ್ನು

ರಾಜ್ಯಗಳ ಏಳುಬೀಳು, ಮಹಾಯುದ್ಧ, ಪ್ರಳಯ ಮುಂತಾದವುಗಳ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ಸಾಕಷ್ಟು ಬರೆದೂ ಇದ್ದಾರೆ. ಇಲ್ಲಿ ಹೇಳಬೇಕಾಗಿರುವುದು ಅವೆಲ್ಲಕ್ಕಿಂತ ಗಂಭೀರವಾದ ವಿಷಯ: ನೀರು ಸರಬರಾಜು ಮಂಡಳಿಯ ಖರೀದಿ ವಿಭಾಗದ ಹಿರಿಯ ಗುಮಾಸ್ತರೊಬ್ಬರ ಕೆಳದವಡೆಯಲ್ಲಿ, ಎಡಗಡೆ, ಹಿಂದಿನಿಂದ ಎರಡನೆಯದಾಗಿ ಕೂತಿದ್ದ ಹಲ್ಲು.

ಈ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವರು ಕೊಟೇಷನ್ನಪ್ಪ. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಅವರು ಮೂರು ಕೊಟೇಷನ್ ಇಲ್ಲದೆ ಒಂದು ಗುಂಡುಸೂಜಿಯನ್ನೂ ಮಂಡಳಿಯ ಒಳಗೆ ಬಿಟ್ಟವರಲ್ಲ. ಪಂಪಾಗಲಿ, ಪೈಪಾಗಲಿ, ಪೊರಕೆಯಾಗಲಿ, ಮೂರು ಕಡೆ ವಿಚಾರಿಸಬೇಕು, ಉದ್ದಗೆರೆ ಅಡ್ಡಗೆರೆ ಎಳೆದು ತುಲನಾ ಪಟ್ಟಿ ಮಾಡಬೇಕು, ಆಮೇಲೆ ಮಾತು. ಮನೆಯಲ್ಲೂ ಅದೇ ಕಾನೂನು. ಒಮ್ಮೆ ಕೊಡೆ ಕೊಳ್ಳಲು ಹೊರಟು ಮೂರನೆಯ ಅಂಗಡಿ ತಲುಪುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. “ಮದುವೆಗೆ ಮುಂಚೆ ಇವರು ಮೂರು ಮನೆ ನೋಡಿದ್ರಂತೆ. ನಮ್ಮದು ಮೂರನೇದು. ಎರಡಕ್ಕೇ ನಿಲ್ಲಿಸಿದ್ದಿದ್ರೆ ನಾನು ಬಚಾವಾಗ್ತಿದ್ದೆ” ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಇಂಥವರ ಹಲ್ಲು ಮೊದಲು ತಣ್ಣೀರಿಗೆ ಜುಮ್ಮೆಂದಿತು. ಆಮೇಲೆ ಬಿಸಿನೀರಿಗೆ. ಎರಡು ತಿಂಗಳಾಗುವಷ್ಟರಲ್ಲಿ ನೀರಿನ ಸುದ್ದಿ ಎತ್ತಿದರೇ ಜುಮ್ಮೆನ್ನುತ್ತಿತ್ತು. ನೀರು ಸರಬರಾಜು ಮಂಡಳಿಯಲ್ಲಿ ಕೆಲಸ ಮಾಡುವವನಿಗೆ ಇದು ಸಣ್ಣ ಸಂಕಟವಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ವಿಷಯ ಎತ್ತಿದರು.

“ಡಾಕ್ಟರ್ ಹತ್ರ ಯಾವಾಗ ಹೋಗ್ತೀರಿ?”

“ಹೋಗೋದೇನೂ ದೊಡ್ಡ ವಿಷಯ ಅಲ್ಲ.”

“ದೊಡ್ಡ ವಿಷಯ ಅಂತ ನಾನು ಹೇಳಿದ್ನಾ? ಯಾವಾಗ ಅಂತ ಕೇಳಿದೆ.”

“ಇಂಥದ್ದರಲ್ಲಿ ಆತುರ ಪಡಬಾರದು.”

“ಆತುರಾನಾ? ಎರಡು ತಿಂಗಳಾಯ್ತು ರೀ! ಕೆನ್ನೆ ಒಳಗೆ ಯಾರೋ ನಿಂಬೆಹಣ್ಣು ಬಚ್ಚಿಟ್ಟ ಹಾಗಿದೆ. ಹೆದರಿಕೆ ಅಂತ ಬಾಯ್ಬಿಟ್ಟು ಹೇಳಿ, ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ.”

ಕೊಟೇಷನ್ನಪ್ಪನವರು ತಟ್ಟೆಯಿಂದ ಕೈ ತೆಗೆದು ನೆಟ್ಟಗೆ ಕೂತರು. “ಹೆದರಿಕೆ? ನನಗೆ? ನಲವತ್ತಡಿ ನೀರಿನ ಟ್ಯಾಂಕ್ ಮೇಲೆ ನಿಂತು ಬೋಲ್ಟ್ ಎಣಿಸಿ ಬಂದವನು ನಾನು.”

“ಏಣಿ ಮಧ್ಯದವರೆಗೆ ಹೋಗಿ ಬಂದ್ರಿ. ಮಿಕ್ಕಿದ್ದು ಅಂದಾಜು ಅಂತ ನೀವೇ ಹೇಳಿದ್ರಿ.”

ಭಾನುವಾರದ ಊಟಕ್ಕೆ ತಪ್ಪದೆ ಹಾಜರಾಗುತ್ತಿದ್ದ ಅವರ ಭಾಮೈದ ಮಧ್ಯೆ ಬಾಯಿ ಹಾಕಿದ. ಅವನದು ಔಷಧಿ ಅಂಗಡಿ. “ಭಾವ, ಈಗ ಕಾಲ ಹಾಗಿಲ್ಲ. ಮರಗಟ್ಟಿಸಿ ತೆಗೀತಾರೆ, ಗೊತ್ತೇ ಆಗಲ್ಲ.”

“ಮರಗಟ್ಟಿಸೋದು ಹೇಗೆ?”

“ಒಂದು ಚಿಕ್ಕ ಇಂಜೆಕ್ಷನ್ನು.”

ಕೊಟೇಷನ್ನಪ್ಪನವರು ಒಂದು ಲೋಟ ನೀರನ್ನು ಬಲಗಡೆಯಿಂದ ಕುಡಿದು, ಏನೂ ಆಗಿಲ್ಲವೆಂಬಂತೆ ಕೇಳಿದರು: “ಯಾವ ಇಂಜೆಕ್ಷನ್ನು?”

“ಯಾವುದು ಅಂದ್ರೆ, ಬೇಕಾದಷ್ಟಿವೆ. ಲಿಗ್ನೊಕೇನ್ ಎಲ್ಲರೂ ಕೊಡೋದು. ಆರ್ಟಿಕೇನ್ ಅಂತ ಇದೆ, ಮೂಳೆಯೊಳಗೆ ಬೇಗ ಇಳಿಯತ್ತೆ ಅಂತಾರೆ. ಮೆಪಿವಕೇನ್ ಇದೆ. ಬುಪಿವಕೇನ್ ಹಾಕಿಸ್ಕೊಂಡ್ರಂತೂ ಸಂಜೆವರೆಗೂ ಕೆನ್ನೆ ನಿಮ್ಮದಲ್ಲ.”

ಕೊಟೇಷನ್ನಪ್ಪನವರ ಮುಖ ಮೆಲ್ಲಗೆ ಬೆಳಗತೊಡಗಿತು. “ಅಂದ್ರೆ, ಒಂದಕ್ಕಿಂತ ಹೆಚ್ಚಿವೆ ಅಂತಾಯ್ತು.”

ಹೆಂಡತಿ ಸೌಟನ್ನು ಕೆಳಗಿಟ್ಟರು. ಆ ಬೆಳಕಿನ ಪರಿಚಯ ಅವರಿಗೆ ಚೆನ್ನಾಗಿತ್ತು. “ಬೇಡ ರೀ.”

“ತುಲನೆ ಮಾಡದೆ ಒಂದು ವಸ್ತುವನ್ನ ಒಳಗೆ ಸೇರಿಸೋದು ನಿಯಮಬಾಹಿರ.”

“ನಿಮ್ಮ ಬಾಯೇನು ಮಂಡಳಿ ಉಗ್ರಾಣಾನಾ?”

“ಮೂರು ಕೊಟೇಷನ್ ತರಿಸ್ತೀನಿ. ಆಮೇಲೆ ನೋಡೋಣ” ಎಂದು ಅವರು ಎದ್ದು ಕೈ ತೊಳೆದರು. ಎರಡು ತಿಂಗಳಲ್ಲಿ ಅವರು ಅಷ್ಟು ಹಗುರವಾಗಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಮಂಡಳಿಯಲ್ಲಿ ಕೊಟೇಷನ್ ಕೇಳಲು ನಮೂನೆ ಹನ್ನೊಂದು ಎಂಬ ಅಚ್ಚಾದ ಕಾಗದವಿತ್ತು. ಅದರಲ್ಲಿ ಕೊಟೇಷನ್ನಪ್ಪನವರ ಮನಸ್ಸನ್ನು ಸೆಳೆದದ್ದು ಕೊನೆಯ ಸಾಲು: “ಉತ್ತರಿಸಲು ಇಪ್ಪತ್ತೊಂದು ದಿನಗಳ ಕಾಲಾವಕಾಶವಿರುತ್ತದೆ.” ಇಪ್ಪತ್ತೊಂದು ದಿನ! ಅಷ್ಟರಲ್ಲಿ ಎಂಥ ಹಲ್ಲಾದರೂ ಬುದ್ಧಿ ಕಲಿತುಕೊಳ್ಳಲೇಬೇಕು. ಸೋಮವಾರ ಬೆಳಗ್ಗೆ ಅವರು ಮೂರು ನಮೂನೆ ತೆಗೆದು, ಊರಿನ ಮೂವರು ಹಲ್ಲಿನ ಡಾಕ್ಟರುಗಳ ವಿಳಾಸ ಬರೆದರು. ಬಸ್ ನಿಲ್ದಾಣದ ಎದುರಿಗೆ ನಲವತ್ತು ವರ್ಷದಿಂದ ಹಲ್ಲು ಕೀಳುತ್ತಿದ್ದ ಹಳೇ ಡಾಕ್ಟರು. ಗೋಡೆಯ ಬದಲು ಬರೀ ಗಾಜಿದ್ದ ಹೊಸ ಆಸ್ಪತ್ರೆಯ ಗಾಜಿನ ಡಾಕ್ಟರು. ಅವರದೇ ಬೀದಿ ತಿರುವಿನಲ್ಲಿ ಕ್ಲಿನಿಕ್ ಇಟ್ಟಿದ್ದ ಮೂಲೆ ಡಾಕ್ಟರಮ್ಮ.

“ಬೇಕಾದ ವಸ್ತು” ಎಂಬಲ್ಲಿ ಅವರು ದುಂಡಗೆ ಬರೆದರು: “ಹಲ್ಲು ಕೀಳುವ ಬಾಬ್ತು ಮರಗಟ್ಟಿಸುವ ಔಷಧ. ನಂಬಿಕಸ್ಥವಾಗಿರತಕ್ಕದ್ದು.” ದರದ ಅಂಕಣವನ್ನು ಹೊಡೆದುಹಾಕಿ “ನೋವು” ಎಂದು ತಿದ್ದಿದರು. ಮುಂದಿನದು ನಾಲ್ಕನೆಯ ಕಲಮು. ಅಲ್ಲಿ ಹೀಗೆ ಅಚ್ಚಾಗಿತ್ತು: “ಬೇಡಿಕೆ: ಒಂದು ಘಟಕಕ್ಕೆ ಮಾತ್ರ / ಮಂಡಳಿಯ ಸಮಸ್ತ ಸಿಬ್ಬಂದಿಗೆ. ಅನ್ವಯಿಸದ್ದನ್ನು ಹೊಡೆದುಹಾಕುವುದು. ಎರಡನ್ನೂ ಹಾಗೇ ಬಿಟ್ಟಲ್ಲಿ ದೊಡ್ಡದು ಅನ್ವಯ.” ಇಪ್ಪತ್ತಾರು ವರ್ಷಗಳಿಂದ ಅನ್ವಯಿಸದ್ದನ್ನು ಹೊಡೆದುಹಾಕುತ್ತಲೇ ಬದುಕಿದ ಕೈ ಅದು. ಆದರೆ ಲೇಖನಿ ಆ ಕಲಮಿಗೆ ಬಂದ ಗಳಿಗೆಯಲ್ಲೇ ಹಲ್ಲು ಒಂದು ಸಲ ಒದೆಯಿತು. ಅವರು ಕೆನ್ನೆ ಹಿಡಿದುಕೊಂಡರು. ನೋವು ಇಳಿದು ಕಣ್ಣು ತೆರೆದಾಗ ಲೇಖನಿ ಐದನೆಯ ಕಲಮಿನಲ್ಲಿತ್ತು. ಉಳಿದೆರಡು ಪ್ರತಿಗಳನ್ನು ಮೊದಲನೆಯದನ್ನು ನೋಡಿಕೊಂಡೇ ಬರೆದರು. ಒಂಬತ್ತನೆಯ ಕಲಮನ್ನಂತೂ ಅವರು ಎಂದೂ ಹೊಡೆದುಹಾಕಿದವರಲ್ಲ: “ಮಾದರಿಯನ್ನು ಸಮಿತಿಯ ಸಮಕ್ಷಮ ಪ್ರಯೋಗಿಸಿ ತೋರಿಸತಕ್ಕದ್ದು.” ಪಂಪಿನ ವಿಷಯದಲ್ಲಿ ಅದು ಬಹಳ ಉಪಯೋಗಕ್ಕೆ ಬಂದಿತ್ತು.

ಆಮೇಲೆ ಕೈ ತಾನಾಗಿಯೇ ಮಂಡಳಿಯ ಮೊಹರನ್ನು ಎತ್ತಿ ಮೂರು ಸಲ ಕುಟ್ಟಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅಭ್ಯಾಸ. ಪಕ್ಕದ ಮೇಜಿನ ಟೈಪಿಸ್ಟ್ ಅಮ್ಮ ಮೂರಕ್ಕೂ ಕ್ರಮಸಂಖ್ಯೆ ಹಾಕಿ ಅಂಚೆಗೆ ಕಳಿಸಿದರು.

ಸಂಜೆ ಮನೆ ಮುಂದೆ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ತಡೆದು ನಿಲ್ಲಿಸಿದರು.

“ಏನ್ರೀ ಇದು, ಕೆನ್ನೆ ಇನ್ನೂ ಹಾಗೇ ಇದೆ? ದಾರ ಕಟ್ಟಿ, ಇನ್ನೊಂದು ತುದಿ ಬಾಗಿಲಿಗೆ ಕಟ್ಟಿ, ಒಂದು, ಎರಡು, ಮೂರು ಅಂತ ಬಾಗಿಲು ಒದೀಬೇಕು. ನಾನು ಎರಡು ಹಲ್ಲು ಹಾಗೇ ತೆಗೆದಿದ್ದೀನಿ.”

“ನಿಮ್ಮವಾ?”

“ನನ್ನ ತಮ್ಮಂದು.”

“ನಾನು ಕೊಟೇಷನ್ ಕರೆದಿದ್ದೀನಿ, ಮೇಷ್ಟ್ರೇ.”

“ಹಲ್ಲಿಗಾ?” ಎಂದ ಮೇಷ್ಟ್ರು ಉತ್ತರಕ್ಕೂ ಕಾಯದೆ ಪಕ್ಕದ ಮನೆಯ ಕಡೆ ನಡೆದರು. ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲೆಲ್ಲ ಸುದ್ದಿ: ಕೊಟೇಷನ್ನಪ್ಪ ತಮ್ಮ ಹಲ್ಲುಗಳನ್ನು ಹರಾಜಿಗಿಟ್ಟಿದ್ದಾರೆ, ಮೂವರು ಮುಂದೆ ಬಂದಿದ್ದಾರೆ.

ಇಪ್ಪತ್ತೊಂದು ದಿನಗಳ ಲೆಕ್ಕಾಚಾರ ನಾಲ್ಕನೆಯ ದಿನವೇ ಕುಸಿಯಿತು. ದೊಡ್ಡ ಸಾಹೇಬರು ಕರೆಸಿದರು. ಮಂಡಳಿಯ ಈ ಕಚೇರಿಗೆ ಅವರೇ ಮುಖ್ಯಸ್ಥರು.

“ಕೂತ್ಕೊಳ್ಳಿ” ಎಂದರು ಸಾಹೇಬರು.

ಆ ಹುದ್ದೆಗೆ ಬಂದ ಹನ್ನೊಂದು ವರ್ಷಗಳಲ್ಲಿ ಸಾಹೇಬರು ಯಾರಿಗೂ ಕೂತುಕೊಳ್ಳಲು ಹೇಳಿರಲಿಲ್ಲ. ಕೊಟೇಷನ್ನಪ್ಪನವರು ಕುರ್ಚಿಯ ಅಂಚಿನಲ್ಲಿ ಕೂತರು. ಮೇಜಿನ ಮೇಲೆ ಮೂರು ಲಕೋಟೆಗಳಿದ್ದವು.

“ನಮ್ಮ ಮಂಡಳಿ ಏನನ್ನ ಸರಬರಾಜು ಮಾಡತ್ತೆ?”

“ನೀರು ಸಾರ್.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಇದನ್ನ ಕೇಳಿ.” ಸಾಹೇಬರು ಕನ್ನಡಕ ಏರಿಸಿ ಓದಿದರು: “‘ತಮ್ಮ ಇನ್ನೂರ ಹನ್ನೆರಡು ಸಿಬ್ಬಂದಿಯ ದಂತಕ್ಷೇಮಕ್ಕಾಗಿ ಮಂಡಳಿ ಕೈಗೊಂಡಿರುವ ಈ ಮಹತ್ಕಾರ್ಯದಲ್ಲಿ ಭಾಗಿಯಾಗಲು ನಮಗೆ ಅತೀವ ಹರ್ಷ.’ ಇನ್ನೊಬ್ಬರು ಕೇಳ್ತಾರೆ, ಎಲ್ಲರದ್ದೂ ಒಂದೇ ದಿನ ಕೀಳಬೇಕಾ, ಇಲಾಖಾವಾರು ಕೀಳಬೇಕಾ ಅಂತ. ಏನ್ರೀ ಇದು?”

“ಸಾರ್, ಅದು… ಒಂದೇ ಹಲ್ಲಿನ ವಿಷಯ.”

“ಯಾರದು?”

ಉತ್ತರ ಕೆನ್ನೆಯ ಮೇಲೇ ಇತ್ತು. ಸಾಹೇಬರು ಅದನ್ನು ದಿಟ್ಟಿಸಿ ನೋಡಿ ಕುರ್ಚಿಯಿಂದ ಅರ್ಧ ಎದ್ದರು.

“ನಮೂನೆ ಹನ್ನೊಂದು, ಸ್ವಂತ ಹಲ್ಲಿಗೆ! ಮೊಹರು ಬೇರೆ! ಇದರ ಅರ್ಥ ಗೊತ್ತಾ? ವಿಚಾರಣೆ. ಅಮಾನತು. ಇಪ್ಪತ್ತಾರು ವರ್ಷದ ಸರ್ವೀಸು ಒಂದು ಹುಳುಕು ಹಲ್ಲಿಗೆ…”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎತ್ತಿದ ಸಾಹೇಬರು ಪೂರ್ತಿ ಎದ್ದು ನಿಂತರು. ಆ ಕಡೆ ಇದ್ದವರು ಮಂಡಳಿಯ ಅಧ್ಯಕ್ಷೆ.

“ನಮಸ್ಕಾರ ಮೇಡಂ… ಗಾಜಿನಾಸ್ಪತ್ರೆ ಡಾಕ್ಟರು ಸಿಕ್ಕಿದ್ರಾ ಮೇಡಂ… ಹೌದು ಮೇಡಂ, ಸಿಬ್ಬಂದಿಯ ಕ್ಷೇಮಕ್ಕೇ… ಹನ್ನೊಂದು ವರ್ಷದಲ್ಲಿ ಇದೇ ಮೊದಲು, ನಿಜ ಮೇಡಂ… ಯೋಚನೆ? ನನ್ನದೇ ಮೇಡಂ… ಶನಿವಾರ… ತಾವೇ ಬರ್ತೀರಾ… ಸಂತೋಷ ಮೇಡಂ.”

ಫೋನು ಇಟ್ಟು ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

“ನೋಡಿ. ಯೋಜನೆ ನನ್ನದು. ಹಲ್ಲು ನಿಮ್ಮದು. ಶನಿವಾರ ಹನ್ನೊಂದು ಗಂಟೆಗೆ ಸಭಾಂಗಣದಲ್ಲಿ ಮಾದರಿ ಪ್ರಯೋಗ. ನೀವು ಬಂದು ಬಾಯಿ ತೆರೆದು ಕೂತ್ರೆ ಇದು ಕ್ಷೇಮಯೋಜನೆ. ಕೂರದಿದ್ರೆ ಮೊಹರಿನ ದುರುಪಯೋಗ. ಅನ್ವಯಿಸದ್ದನ್ನ ನೀವೇ ಹೊಡೆದುಹಾಕಿ.”

ಮನೆಯಲ್ಲಿ ಹೆಂಡತಿ ಈ ವೃತ್ತಾಂತವನ್ನು ಕೇಳಿ ಮೊದಲು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ನೆಲದ ಮೇಲೆ ಕೂತು ನಕ್ಕರು. ಅಮಾನತು ಎಂಬ ಮಾತು ಎರಡನೆಯ ಸಲ ಕಿವಿಗೆ ಬಿದ್ದಾಗ ನಗು ನಿಲ್ಲಿಸಿ, ಎದ್ದು ಹೋಗಿ ಅವರ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿದರು.

“ಮುಂದಿನ ಸಾಲಲ್ಲಿ ಕೂತಿರ್ತೀನಿ. ನನ್ನ ಕಡೆ ನೋಡಿ, ಸೂಜಿ ಕಡೆ ನೋಡ್ಬೇಡಿ” ಎಂದರು.

“ಸೂಜಿ ಅನ್ನೋ ಮಾತು ಆಡಲೇಬೇಕಾ?” ಎಂದರು ಕೊಟೇಷನ್ನಪ್ಪನವರು.

ಶನಿವಾರ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಪಂಪು ಚಾಲಕರು, ಮೀಟರ್ ಓದುವವರು, ಪೈಪು ಜೋಡಿಸುವವರು ಎಲ್ಲರೂ ಇದ್ದರು. ನೀರಿನ ದರ ಏರಿಸಿದ ದಿನವೂ ಅಷ್ಟು ಜನ ಸೇರಿರಲಿಲ್ಲ. ಟೈಪಿಸ್ಟ್ ಅಮ್ಮ ಕಪ್ಪುಹಲಗೆಯ ಮೇಲೆ “ಮರಗಟ್ಟಿಸುವ ಔಷಧಗಳ ತುಲನೆ: ಸರ್ವರಿಗೂ ಸುಸ್ವಾಗತ” ಎಂದು ಬರೆದಿದ್ದರು. ವೇದಿಕೆಯ ಮೇಲೆ ಮೂರು ಮೇಜು, ಮೂವರು ಡಾಕ್ಟರುಗಳು. ನಡುವೆ ಮಡಿಸುವ ಒಂದು ಹಲ್ಲಿನ ಕುರ್ಚಿ, ಪಕ್ಕದಲ್ಲಿ ದೀಪ, ಮುಚ್ಚಿದ ಉಕ್ಕಿನ ಡಬ್ಬಿಗಳು. ಆ ಕುರ್ಚಿಯಿಂದ ಸಾಧ್ಯವಾದಷ್ಟೂ ದೂರದಲ್ಲಿ ಕೊಟೇಷನ್ನಪ್ಪನವರು.

ಅಧ್ಯಕ್ಷೆ ಸಣ್ಣ ದೇಹದ, ದೊಡ್ಡ ಕನ್ನಡಕದ ಹೆಂಗಸು. ಕೂತ ಕೂಡಲೇ ಕೇಳಿದರು: “ಮಾದರಿ ಮೂರಿವೆ. ಬಾಯಿ ಎಷ್ಟಿವೆ?”

“ಒಂದು ಮೇಡಂ” ಎಂದರು ಸಾಹೇಬರು.

“ಮೂರನ್ನೂ ಒಬ್ಬರಿಗೇ ಕೊಟ್ಟು ನೋಡೋದಾ?”

“ಕೊಡಬಾರದು” ಎಂದರು ಮೂಲೆ ಡಾಕ್ಟರಮ್ಮ. “ಇಂಥ ಔಷಧಕ್ಕೆಲ್ಲ ಒಟ್ಟಾರೆ ಒಂದು ಮಿತಿ ಇದೆ. ಇವರು ಮನುಷ್ಯರು, ಪಂಪಲ್ಲ.”

ಈ ಮಾತಿಗೆ ಕೊಟೇಷನ್ನಪ್ಪನವರು ಜೋರಾಗಿ ತಲೆಯಾಡಿಸಿದರು.

“ಹಾಗಾದ್ರೆ ಮೊದಲು ಮೂವರೂ ವಿವರ ಹೇಳಲಿ. ಪಟ್ಟಿ ಮಾಡೋರು ಪ್ರಶ್ನೆ ಕೇಳಲಿ. ಪ್ರಯೋಗ ಆಮೇಲೆ” ಎಂದು ಅಧ್ಯಕ್ಷೆ ತೀರ್ಪಿತ್ತರು.

ಕೊಟೇಷನ್ನಪ್ಪನವರು ಕಾಗದ, ರೂಲುದೊಣ್ಣೆ ತೆಗೆದುಕೊಂಡರು. ಮೊದಲ ಗೆರೆ ಹಾವಿನಂತೆ ಹರಿಯಿತು. ಎರಡನೆಯದು ಕೊಂಚ ನೆಟ್ಟಗಾಯಿತು. ಆರನೆಯ ಗೆರೆಯ ಹೊತ್ತಿಗೆ ಖರೀದಿ ವಿಭಾಗದ ಹಿರಿಯ ಗುಮಾಸ್ತರು ಮೈಯೊಳಕ್ಕೆ ವಾಪಸು ಬಂದಿದ್ದರು.

ಗಾಜಿನ ಡಾಕ್ಟರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. “ನಮ್ಮದು ಬುಪಿವಕೇನ್. ಎಂಟು ಗಂಟೆವರೆಗೂ ನೋವಿನ ಸುಳಿವೇ ಇರಲ್ಲ!”

ಸಭೆ ಆಹಾ ಎಂದಿತು. ಕೊಟೇಷನ್ನಪ್ಪನವರು ಎನ್ನಲಿಲ್ಲ.

“ಚಾಲೂ ಆಗೋಕೆ ಎಷ್ಟು ಹೊತ್ತು?”

“ಅದು… ಸ್ವಲ್ಪ ನಿಧಾನ.”

“ಸ್ವಲ್ಪ ಅನ್ನೋದು ಯಾವ ಅಳತೆ?”

“ಮಿಕ್ಕಿದ್ದಕ್ಕಿಂತ ಕೆಲವು ನಿಮಿಷ ಹೆಚ್ಚು.”

“ಹಲ್ಲು ಕೀಳೋಕೆ?”

“ಹತ್ತು ನಿಮಿಷ. ಹಟ ಮಾಡಿದ್ರೆ ಅರ್ಧ ಗಂಟೆ.”

“ಅರ್ಧ ಗಂಟೆ ಕೆಲಸಕ್ಕೆ ಎಂಟು ಗಂಟೆ ಪಂಪ್ ಓಡಿಸೋದ್ಯಾಕೆ?”

ಹಿಂದಿನ ಸಾಲಿನಿಂದ ಪಂಪು ಚಾಲಕರು ಚಪ್ಪಾಳೆ ತಟ್ಟಿದರು. ಗಾಜಿನ ಡಾಕ್ಟರು ಹಾಕಿದ ಗುಂಡಿಯನ್ನು ಬಿಚ್ಚಿದರು. “ಮೂಳೆ ಕೊರೆದು ತೆಗೆಯೋ ದೊಡ್ಡ ಕೆಲಸಕ್ಕೆ ಇದು ಒಳ್ಳೇದು. ಆಮೇಲಿನ ನೋವು ತಡೆಯತ್ತೆ.”

“ನಮ್ಮ ಕೆಲಸ ದೊಡ್ಡದಾ ಚಿಕ್ಕದಾ ಅಂತ ನೋಡಿದ್ರಾ? ಸಂಜೆವರೆಗೂ ತುಟಿ ಮರಗಟ್ಟಿ, ಊಟದ ಜೊತೆ ನಾನು ಅದನ್ನೂ ಅಗಿದುಬಿಟ್ರೆ ಹೊಣೆ ಯಾರದು?”

“ಎಚ್ಚರಿಕೆ ಹೇಳಿ ಕಳಿಸ್ತೀವಿ…”

“ಬಾಯಿಮಾತಿನಲ್ಲಾ, ಬರಹದಲ್ಲಾ?” ಎಂದು ಕೊಟೇಷನ್ನಪ್ಪನವರು ಅಂಕಣದಲ್ಲಿ ಬರೆದುಕೊಂಡರು.

ಹಳೇ ಡಾಕ್ಟರು ಏಳುವ ಗೋಜಿಗೂ ಹೋಗಲಿಲ್ಲ. “ಲಿಗ್ನೊಕೇನ್. ಜೊತೆಗೆ ಚೂರು ಅಡ್ರಿನಲಿನ್. ರಕ್ತ ಕಡಿಮೆ ಹರಿಯತ್ತೆ, ಔಷಧ ಇಟ್ಟಲ್ಲೇ ನಿಲ್ಲತ್ತೆ. ನಲವತ್ತು ವರ್ಷ ಇದೇ. ನಿಮ್ಮ ಸಾಹೇಬರ ಮಾವನ ಹಲ್ಲು ಕಿತ್ತಿದ್ದೂ ಇದರಲ್ಲೇ.”

“ಅಡ್ರಿನಲಿನ್ ಹೋದ್ರೆ ಎದೆ ಹೊಡ್ಕೊಳ್ಳತ್ತಾ?”

“ಒಂದು ಗಳಿಗೆ ಢವಢವ ಅನ್ನಬಹುದು. ನಿಂತುಹೋಗತ್ತೆ.”

“ಎದೆನಾ?”

“ಢವಢವ.”

“ಬಿ.ಪಿ. ಇದ್ದೋರಿಗೆ?”

“ಕೇಳ್ಕೊಂಡು, ನೋಡ್ಕೊಂಡು, ಕಡಿಮೆ ಕೊಡ್ಬೇಕು. ಕೆಲವರಿಗೆ ಅಡ್ರಿನಲಿನ್ ಇಲ್ಲದ್ದು.”

“ನೀವು ಎಲ್ಲರನ್ನೂ ಕೇಳ್ತೀರಾ?”

ಹಳೇ ಡಾಕ್ಟರು ಚಾವಣಿಯ ಕಡೆ ನೋಡಿದರು. ಚಾವಣಿ ಸಹಾಯಕ್ಕೆ ಬರಲಿಲ್ಲ. “ಕೆಲವು ಸಲ.”

ಕೊಟೇಷನ್ನಪ್ಪನವರು ಆ ಎರಡು ಪದಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದರು. ಲೇಖನಿಯ ಕರಕರ ಸದ್ದು ಕೊನೆಯ ಸಾಲಿಗೂ ಕೇಳಿಸಿತು. “ಹಲ್ಲಿನ ಬುಡದಲ್ಲಿ ಕೀವಿದ್ರೆ ನಿಮ್ಮ ಔಷಧ ಹಿಡಿಯತ್ತಾ?” “ಅರ್ಧಂಬರ್ಧ ಹಿಡಿಯತ್ತೆ.” “ಅರ್ಧಂಬರ್ಧ ಹಿಡಿದಾಗ ಎಳೀತೀರಾ, ನಿಲ್ಲಿಸ್ತೀರಾ?” “ನಿಲ್ಲಿಸ್ತೀನಪ್ಪಾ, ನಿಲ್ಲಿಸ್ತೀನಿ” ಎಂದರು ಹಳೇ ಡಾಕ್ಟರು, ಬೆವರು ಒರೆಸಿಕೊಳ್ಳುತ್ತ. ಬಾಯಿ ತೆರೆಸಿ ಕೂರಿಸಿದವರು ಇಷ್ಟೊಂದು ಮಾತಾಡಿದ್ದನ್ನು ಅವರು ನಲವತ್ತು ವರ್ಷಗಳಲ್ಲಿ ಕಂಡವರಲ್ಲ.

ಮೂಲೆ ಡಾಕ್ಟರಮ್ಮನ ಸರದಿ ಬಂದಾಗ ಒಂದು ತಾಂತ್ರಿಕ ತೊಡಕು ಎದ್ದಿತು. ಅವರು ತುಂಬಿ ಕಳಿಸಿದ ನಮೂನೆಯಲ್ಲಿ ಔಷಧದ ಹೆಸರಿನ ಜಾಗದಲ್ಲಿ “ರೋಗಿಯನ್ನು ನೋಡಿದ ಮೇಲೆ” ಎಂದಷ್ಟೇ ಇತ್ತು.

“ಅಪೂರ್ಣ ಕೊಟೇಷನ್. ತಿರಸ್ಕರಿಸಬಹುದು” ಎಂದರು ಸಾಹೇಬರು.

“ಅಂಕಣದಲ್ಲಿ ಹೆಸರೇ ಬರೆದಿಲ್ಲವಲ್ಲಮ್ಮ” ಎಂದರು ಕೊಟೇಷನ್ನಪ್ಪನವರು, ಆ ಪಾಪಕ್ಕೆ ಬೇರೆ ಹೆಸರು ಸಿಗದವರಂತೆ.

“ನನ್ನ ಪೆಟ್ಟಿಗೇಲಿ ನಾಲ್ಕೂ ಥರದ್ದಿವೆ. ಯಾವುದು ಅಂತ ಹೇಳೋಕೆ ಮುಂಚೆ ನನಗೂ ಸ್ವಲ್ಪ ಪ್ರಶ್ನೆಗಳಿವೆ. ಎದೆ ಕಾಯಿಲೆ ಇದೆಯಾ? ಬಿ.ಪಿ.? ಸಕ್ಕರೆ? ಯಾವ ಮಾತ್ರೆ ತಗೋತೀರಿ? ಯಾವುದಾದ್ರೂ ಔಷಧಕ್ಕೆ ಮೈ ತುರಿಸಿದ್ದು, ಊದಿದ್ದು ಉಂಟಾ? ಹಿಂದೆ ಹಲ್ಲಿಗೆ ಇಂಜೆಕ್ಷನ್ ತಗೊಂಡಿದ್ದೀರಾ?”

ಸರಬರಾಜುದಾರರು ಖರೀದಿದಾರನನ್ನೇ ಪ್ರಶ್ನೆ ಕೇಳಿದ್ದು ಮಂಡಳಿಯ ಇತಿಹಾಸದಲ್ಲಿ ಅದೇ ಮೊದಲು. ಕೊಟೇಷನ್ನಪ್ಪನವರು ಒಂದೊಂದಕ್ಕೂ ಇಲ್ಲ, ಇಲ್ಲ ಎನ್ನುತ್ತ ಬಂದರು. ಕೊನೆಯದಕ್ಕೆ ತಡವರಿಸಿದರು. ಮುಂದಿನ ಸಾಲಿನಿಂದ ಹೆಂಡತಿ ಕೂಗಿದರು: “ತಗೊಂಡಿಲ್ಲ ಡಾಕ್ಟ್ರೇ! ತಗೋಬಾರದು ಅಂತಲೇ ಇಷ್ಟೆಲ್ಲ!”

ಸಭಾಂಗಣದ ಸೂರು ಹಾರಿಹೋಗುವಂತೆ ನಗು ಎದ್ದಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. “ಹೆದರಿಕೆ ಇದೆ ಅಂತ ಗೊತ್ತಾಗಿದ್ದು ಒಳ್ಳೇದೇ ಆಯ್ತು. ನಾನೇ ಹೆರಿಗೆಗೆ ಸೇರಿದಾಗ ಸೂಜಿ ನೋಡಿ ನರ್ಸಮ್ಮನ ಕೈ ಕಚ್ಚಿದ್ದೆ. ಬನ್ನಿ, ಬಾಯಿ ನೋಡ್ತೀನಿ.”

ಅವರು ನೋಡಿದರು. ಕೀವಿಲ್ಲ, ಬೇರು ಸಡಿಲ. ರಕ್ತದೊತ್ತಡ ಅಳೆದರು, ಹೆದರಿಕೆಯ ಪಾಲನ್ನು ಕಳೆದರೆ ಸರಿಯಾಗಿಯೇ ಇತ್ತು. “ಇವರಿಗೆ ಹಳೇ ಡಾಕ್ಟ್ರು ಹೇಳಿದ್ದೇ ಸಾಕು. ಲಿಗ್ನೊಕೇನ್, ಅಡ್ರಿನಲಿನ್ ಜೊತೆ” ಎಂದರು. ಹಳೇ ಡಾಕ್ಟರು ಚಾವಣಿಯಿಂದ ಕಣ್ಣಿಳಿಸಿ, ಸಭೆಯ ಕಡೆ ತಿರುಗಿ, ಗೆದ್ದ ಪೈಲ್ವಾನನಂತೆ ಕೂತರು.

“ಶುರುವಾಗೋ ಸಮಯ ನಾನೇ ಬರ್ಕೋಬೇಕು” ಎಂದರು ಕೊಟೇಷನ್ನಪ್ಪನವರು. ಅದು ಅವರ ಕೊನೆಯ ಕೋಟೆ. “ಸಮಯ ದಾಖಲಾಗದ ಪ್ರಯೋಗ ಪ್ರಯೋಗವೇ ಅಲ್ಲ.”

“ಖಂಡಿತ ಬರ್ಕೊಳ್ಳಿ. ಗಡಿಯಾರದಿಂದ ಕಣ್ಣು ಮಾತ್ರ ತೆಗೀಬೇಡಿ. ಸೆಕೆಂಡ್ ಮುಳ್ಳು ತಪ್ಪಿದ್ರೆ ಪಟ್ಟಿಯೆಲ್ಲ ತಪ್ಪತ್ತೆ.”

ಪಟ್ಟಿ ತಪ್ಪುವುದೆಂದರೆ ಏನೆಂದು ಗೊತ್ತಿದ್ದ ಆ ಮನುಷ್ಯ ಕುರ್ಚಿಯಲ್ಲಿ ಒರಗಿ, ಎಡಗೈಯ ಗಡಿಯಾರವನ್ನು ಮೂಗಿನ ಮುಂದೆ ಹಿಡಿದು, ಬಲಗೈಯಲ್ಲಿ ಲೇಖನಿ ಹಿಡಿದು, ಹೊಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯತೊಡಗಿದರು. “ಹನ್ನೊಂದು ನಲವತ್ತೆರಡು: ವಸಡಿಗೆ ಲೇಪ. ಸಿಹಿಯಾಗಿದೆ.” “ಹನ್ನೊಂದು ನಲವತ್ತನಾಲ್ಕು: ಸೊಳ್ಳೆ ಕಚ್ಚಿತು.” ಮುಂದಿನ ಸಾಲಿನಲ್ಲಿ ಹೆಂಡತಿ ಕಣ್ಣು ಮುಚ್ಚಿ, ಪಕ್ಕದಲ್ಲಿದ್ದ ತಮ್ಮನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಅವನೇ ಅಯ್ಯೋ ಎಂದ. ಕೊಟೇಷನ್ನಪ್ಪನವರಿಗೆ ಸೆಕೆಂಡ್ ಮುಳ್ಳು ಬಿಟ್ಟರೆ ಲೋಕದಲ್ಲಿ ಇನ್ನೇನೂ ಇರಲಿಲ್ಲ. “ಹನ್ನೊಂದು ನಲವತ್ತೊಂಬತ್ತು: ಎಡತುಟಿ ಹಾಜರಿಲ್ಲ. ನಾಲಿಗೆ ಅರ್ಧ ದಿನ ರಜೆ.”

“ಒತ್ತಿದ ಹಾಗೆ ಆಗತ್ತೆ. ನೋವಾಗಬಾರದು. ನೋವಾದ್ರೆ ಕೈ ಎತ್ತಿ, ನಿಲ್ಲಿಸ್ತೀನಿ” ಎಂದರು ಡಾಕ್ಟರಮ್ಮ.

ಕೊಟೇಷನ್ನಪ್ಪನವರು ಕಾದರು. ಸಭೆಯೂ ಕಾದಿತು. ಯಾರೋ ಕೆಮ್ಮಿದ್ದಕ್ಕೆ ನಾಲ್ಕು ಜನ ತಿರುಗಿ ನೋಡಿದರು. ಹನ್ನೊಂದು ಐವತ್ತಾರಕ್ಕೆ ಕೊಟೇಷನ್ನಪ್ಪನವರು ಕೈ ಎತ್ತಿದರು.

ಡಾಕ್ಟರಮ್ಮ ಬಗ್ಗಿದರು. “ನೋವಾ?”

“ಅಳ್ಳ. ಯಾವಾಗ ಛುರು ಮಾಡ್ಥೀರಿ?”

ಉತ್ತರವಾಗಿ ಉಕ್ಕಿನ ತಟ್ಟೆಯಲ್ಲಿ ಟಣ್ ಎಂದಿತು.

ಎರಡು ಬೇರಿನ ನಡುವೆ ಕಪ್ಪು ಹುಳುಕು ಹೊತ್ತ ಆ ಹಲ್ಲನ್ನು ಡಾಕ್ಟರಮ್ಮ ಎತ್ತಿ ತೋರಿಸಿದಾಗ ಸಭಾಂಗಣದಲ್ಲಿ ಎದ್ದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಪಂಪು ಚಾಲಕರು ಕುರ್ಚಿ ಹತ್ತಿದರು. ಗಾಜಿನ ಡಾಕ್ಟರು ಕೂಡ ಮೈಮರೆತು ಚಪ್ಪಾಳೆ ತಟ್ಟಿದರು. ಕೊಟೇಷನ್ನಪ್ಪನವರು ಹತ್ತಿ ಕಚ್ಚಿಕೊಂಡು, ಮೊದಲು ಹಲ್ಲನ್ನು, ಆಮೇಲೆ ಹೆಂಡತಿಯನ್ನು, ಆಮೇಲೆ ಪಟ್ಟಿಯನ್ನು ನೋಡಿದರು. “ನೋವು” ಎಂಬ ಅಂಕಣದಲ್ಲಿ, ಇಪ್ಪತ್ತಾರು ವರ್ಷಗಳ ತಮ್ಮ ಅತ್ಯಂತ ದುಂಡಗಿನ ಅಕ್ಷರದಲ್ಲಿ, “ಇಲ್ಲ” ಎಂದು ಬರೆದು ಸಹಿ ಹಾಕಿದರು.

“ಎರಡನೇ ಬಾಯಿ?” ಎಂದರು ಅಧ್ಯಕ್ಷೆ.

ಇನ್ನೂರ ಹನ್ನೊಂದು ಜನ ಒಮ್ಮೆಗೇ ನೆಲ ನೋಡಿದರು. ಮಂಡಳಿಯ ಸಿಬ್ಬಂದಿಯ ಹಲ್ಲುಗಳು ಅಷ್ಟು ಆರೋಗ್ಯವಾಗಿದ್ದ ಕ್ಷಣ ಇನ್ನೊಂದಿಲ್ಲ.

ಟೈಪಿಸ್ಟ್ ಅಮ್ಮ ಎದ್ದು ನಿಂತರು. “ಸಾಹೇಬ್ರು ಒಂದು ವರ್ಷದಿಂದ ಬಿಸ್ಕತ್ತನ್ನ ಚಹಾದಲ್ಲಿ ಅದ್ದಿ, ಬಲಗಡೆಯಲ್ಲೇ ಅಗೀತಾರೆ ಮೇಡಂ.”

“ಯೋಜನೆ ನಿಮ್ಮದೇ ಅಲ್ವಾ?” ಎಂದು ಅಧ್ಯಕ್ಷೆ ಸಾಹೇಬರ ಕಡೆ ತಿರುಗಿದರು.

ಸಾಹೇಬರು ಬಾಗಿಲ ಕಡೆ ನೋಡಿದರು. ಅಲ್ಲಿ ಪೈಪು ಜೋಡಿಸುವವರು ತುಂಬಿದ್ದರು. ಜಾಗ ಬಿಡುವ ಲಕ್ಷಣ ಕಾಣಲಿಲ್ಲ. ಸಾಹೇಬರು ಕೋಟು ಬಿಚ್ಚಿದರು. ಹಳೇ ಡಾಕ್ಟರು ಉತ್ಸಾಹದಿಂದ ತಮ್ಮ ಲಿಗ್ನೊಕೇನ್ ಎತ್ತಿಕೊಂಡರು. ಆಗ ಮಾತಾಡಲಾರದ ಕೊಟೇಷನ್ನಪ್ಪನವರು ಒಂದು ಚೀಟಿಯಲ್ಲಿ ಏನೋ ಗೀಚಿ ಅವರ ಮುಂದೆ ಹಿಡಿದರು: “ಬಿ.ಪಿ. ಇದೆಯೇ ಎಂದು ಕೇಳಿದಿರಾ?”

ಹಳೇ ಡಾಕ್ಟರು ಕೇಳಿದರು. ಇತ್ತು. ಎರಡು ಥರದ ಮಾತ್ರೆಯಿತ್ತು, ಆ ದಿನದ್ದು ತೆಗೆದುಕೊಂಡಿದ್ದರು. ಅಳೆದಾಗ ಹತೋಟಿಯಲ್ಲಿದೆ ಎಂದು ಗೊತ್ತಾಯಿತು. ಹಳೇ ಡಾಕ್ಟರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಡಾಕ್ಟರಮ್ಮನ ಪೆಟ್ಟಿಗೆಯಿಂದ ಅಡ್ರಿನಲಿನ್ ಇಲ್ಲದ ಮೆಪಿವಕೇನ್ ಕೇಳಿ ಪಡೆದರು. ಸೂಜಿ ಇನ್ನೂ ಒಂದು ಅಡಿ ದೂರದಲ್ಲಿದ್ದಾಗಲೇ ಸಾಹೇಬರು ಒಂದು ಸದ್ದು ಮಾಡಿದರು. ಅದನ್ನು ದಾಖಲಿಸಬೇಕಾಗಿಲ್ಲವೆಂದು ಸಮಿತಿ ತೀರ್ಮಾನಿಸಿತು. ಆಮೇಲೆ ಅವರ ಹಲ್ಲೂ ಸದ್ದಿಲ್ಲದೆ ಬಂತು.

ಬುಪಿವಕೇನಿನ ಎದುರಿಗೆ ಕೊಟೇಷನ್ನಪ್ಪನವರು “ಪ್ರಯೋಗಿಸಿಲ್ಲ. ಕಾರಣ: ತಕ್ಕ ಬಾಯಿ ಹಾಜರಿರಲಿಲ್ಲ” ಎಂದು ಬರೆದರು. ಅಧ್ಯಕ್ಷೆ ಪಟ್ಟಿಯನ್ನು ತರಿಸಿಕೊಂಡು ಎರಡು ಸಲ ಓದಿದರು.

“ಔಷಧ ಯಾವುದು ಅಂತ ತೀರ್ಮಾನ ಮಾಡೋಕೆ ಬಂದಿದ್ವಿ. ಏನು ಕೇಳಬೇಕು ಅಂತ ಕಲಿತು ಹೋಗ್ತಿದ್ದೀವಿ. ಈ ಪ್ರಶ್ನೆಗಳನ್ನ ಅಚ್ಚು ಹಾಕಿಸಿ ಸಿಬ್ಬಂದಿಗೆಲ್ಲ ಕೊಡಿ. ಮೂವರು ಡಾಕ್ಟರೂ ಇದಕ್ಕೆ ಉತ್ತರ ಹೇಳಿಯೇ ಕೈ ಹಾಕ್ಬೇಕು. ದಂತಕ್ಷೇಮ ಸಮಿತಿಗೆ ಕಾರ್ಯದರ್ಶಿ ಯಾರು?”

ಸಾಹೇಬರು ಹತ್ತಿ ಕಚ್ಚಿಕೊಂಡೇ ಕೊಟೇಷನ್ನಪ್ಪನವರ ಕಡೆ ಬೆರಳು ತೋರಿಸಿದರು. ಆ ಬೆರಳಿನಲ್ಲಿ ವಿಚಾರಣೆಯ ಛಾಯೆಯೂ ಇರಲಿಲ್ಲ.

“ನೀವು ಏನಾದ್ರೂ ಹೇಳ್ತೀರಾ?” ಎಂದು ಅಧ್ಯಕ್ಷೆ ಕೇಳಿದರು.

ಕೊಟೇಷನ್ನಪ್ಪನವರು ಎದ್ದು, ಕೆಲಸ ಮಾಡುತ್ತಿದ್ದ ಅರ್ಧ ಬಾಯಿಯಿಂದ ಆರು ನಿಮಿಷ ಭಾಷಣ ಮಾಡಿದರು. ಒಂದು ಪದವೂ ಯಾರಿಗೂ ಅರ್ಥವಾಗಲಿಲ್ಲ. ಮಂಡಳಿಯ ಭಾಷಣಗಳಲ್ಲೇ ಅತ್ಯಂತ ಪರಿಣಾಮಕಾರಿಯಾದದ್ದು ಅದೆಂದು ಎಲ್ಲರೂ ಒಪ್ಪಿದರು.

ಆ ತಿಂಗಳ ಕೊನೆಯೊಳಗೆ ನೀರು ಸರಬರಾಜು ಮಂಡಳಿಯ ಸಿಬ್ಬಂದಿಯ ಬಾಯಿಂದ ಒಟ್ಟು ಮೂವತ್ತೇಳು ಹಲ್ಲುಗಳನ್ನು ಕೀಳಲಾಯಿತು. ಯಾರೂ ಕೂಗಲಿಲ್ಲ.